ಮೂವತ್ಮೂರನೇ ಪುಟದ ಕೊಡೆ

ಮಾನ್ಯ ಅಧ್ಯಕ್ಷರೇ,

ನಮ್ಮೂರ ಗ್ರಂಥಾಲಯದ ಪುಸ್ತಕ ಆಯ್ಕೆ ಸಮಿತಿಯ ಪೀಠದಿಂದ ತಾವು ಕಳೆದ ತಿಂಗಳು ಹೊರಡಿಸಿದ ಆದೇಶದಂತೆ ಪ್ರೇಮ ಕಾದಂಬರಿಗಳ ಕಪಾಟು ಖಾಲಿಯಾಗಿದೆ. ನಾನು ಬರೆದ ಹತ್ತೊಂಬತ್ತು ಕಾದಂಬರಿಗಳೂ, ನನ್ನ ಚಿಕ್ಕಮ್ಮ ಮೂಕಾಂಬಿಕಾ ತನ್ನ ಬಾಡಿಗೆ ಲೈಬ್ರರಿ ಮುಚ್ಚಿದ ದಿನ ದಾನ ಕೊಟ್ಟ ಹಳೆಯ ಪುಸ್ತಕಗಳೂ ಗುಜರಿ ಅಂಗಡಿ ಸೇರಿದವು. ಕಾರಣವನ್ನೂ ತಾವೇ ಬರೆದಿದ್ದೀರಿ: ‘ಕೀಳು ಅಭಿರುಚಿ, ಸ್ತ್ರೀಯರ ದಾರಿ ತಪ್ಪಿಸುವ ಬರಹ.’ ಸಾಲದ್ದಕ್ಕೆ ಸನ್ಮಾನ ಸಭೆಯಲ್ಲಿ ಶಾಲು ಹೊದ್ದು, ಮೈಕ್ ಹಿಡಿದು, “ಇಂಥ ಪುಸ್ತಕವನ್ನು ಜೀವಮಾನದಲ್ಲಿ ಕೈಯಿಂದ ಮುಟ್ಟಿದವನಲ್ಲ” ಎಂದಿರಿ. ಆ ಮಾತಿಗೆ ಆಮೇಲೆ ಬರುತ್ತೇನೆ. ನನಗೆ ವಿಪರೀತ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವ ಉದ್ದೇಶವೂ ಇಲ್ಲ.

ಮೊದಲು ದಾರಿ ತಪ್ಪಿದ ಸ್ತ್ರೀಯರ ವಿಚಾರ. ಕುಂದಾಪುರದ ಹೊರಗಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸುಗುಣ ಎಂಬವರು ಇಪ್ಪತ್ತೇಳು ವರ್ಷದಿಂದ ಬೀಜದ ಸಿಪ್ಪೆ ತೆಗೆಯುತ್ತಿದ್ದಾರೆ. ಅಲ್ಲೊಂದು ಪದ್ಧತಿಯಿದೆ. ಹತ್ತು ಹೆಂಗಸರು ಕೂತಲ್ಲಿ ಒಬ್ಬಳು ಗಟ್ಟಿಯಾಗಿ ಕಾದಂಬರಿ ಓದುತ್ತಾಳೆ. ಅವಳ ಕೆಲಸ ಹಿಂದೆ ಬೀಳದಂತೆ ಉಳಿದವರು ಅವಳ ಬುಟ್ಟಿಗೆ ಒಂದೊಂದು ಮುಷ್ಟಿ ಬೀಜ ಹಾಕುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಸುಗುಣ ಅಕ್ಷರ ಗಟ್ಟಿ ಮಾಡಿಕೊಂಡದ್ದು ಹೀಗೆ ಓದಿ ಓದಿಯೇ. ಅರ್ಧ ಓದಿದ ಪುಸ್ತಕವನ್ನು ಅವಧಿ ಮುಗಿಯಿತೆಂದು ಗ್ರಂಥಾಲಯಕ್ಕೆ ಕೊಟ್ಟು, ಮತ್ತೆ ತರಲು ಹೋಗಿ ಖಾಲಿ ಕಪಾಟು ಕಂಡವರು ನೇರ ನನ್ನ ಮನೆಗೆ ಬಂದರು.

“ಹ್ವಾಯ್ ಅಕ್ಕಾ, ಕಥಿ ಅರ್ಧದಂಗೇ ನಿಂತಿತ್ತಲೆ! ಆ ಹೆಂಗ್ಸ್ ಕಡಿಗೆ ಎಂತ ಹೇಳ್ತ್? ಎಲ್ರೂ ನನ್ನ ಕೇಂತ್ರ್.”

ನಾನು ಕಥೆಯ ಕೊನೆ ಹೇಳಹೊರಟೆ. ಅವರು ಕೈ ಅಡ್ಡ ಹಿಡಿದರು. “ನೀವ್ ಹೇಳಿರೆ ಆತಿಲ್ಲೆ. ನಾನೇ ಓದ್ಕ್.” ಇದೇ ನೋಡಿ ಸ್ವಾಮೀ, ತಾವು ಕಂಡ ಕೀಳು ಅಭಿರುಚಿ.

ಸುಗುಣ ಕೇಳಿದ ಆ ಹೆಂಗಸು ನನ್ನ ಇತ್ತೀಚಿನ ಕಾದಂಬರಿಯ ನಾಯಕಿ, ತ್ರಾಸಿಯಲ್ಲಿ ಮೀನೂಟದ ಹೋಟೆಲು ನಡೆಸುವ ಐವತ್ತೊಂದರ ವಿಚ್ಛೇದಿತೆ. ಲಾರಿ ಮಾಲೀಕನೊಬ್ಬ ಮದುವೆಯ ಮಾತೆತ್ತಿದಾಗ, “ಮದಿ ಬ್ಯಾಡ. ಆಯ್ತವಾರ ಉಂಬುಕ್ ಬನ್ನಿ, ಕಾಂಬ” ಎನ್ನುತ್ತಾಳೆ. ‘ಮಧ್ಯವಯಸ್ಸಿನ ಸ್ತ್ರೀಯ ಅನುಚಿತ ಆಸೆ’ ಎಂದು ತಮ್ಮ ಷರಾ. ಆಸೆಗೆ ನಿವೃತ್ತಿ ವಯಸ್ಸು ನಿಗದಿ ಮಾಡಿದ ಸುತ್ತೋಲೆ ಯಾವುದು? ನಾನು ಬರೆಯಲು ಕೂತ ಕಾಲದಲ್ಲಿ ನಾಯಕಿಗೆ ಎರಡೇ ದಾರಿಯಿತ್ತು: ಅಪ್ಪ ಒಪ್ಪಿದರೆ ತಾಳಿ, ಒಪ್ಪದಿದ್ದರೆ ವಿಷದ ಬಾಟಲಿ. ನಾನೇ ಮೂವರನ್ನು ಕೊಂದಿದ್ದೇನೆ, ನೆನೆದರೆ ನಾಚಿಕೆಯಾಗುತ್ತದೆ. ಆಮೇಲಿನವಳು ಕೆಲಸಕ್ಕೆ ಹೋದಳು. ಅದರಾಚೆಯವಳು ವರದಕ್ಷಿಣೆ ಕೇಳಿದವನನ್ನು ಮಂಟಪದಿಂದ ಎಬ್ಬಿಸಿ ಕಳಿಸಿದಳು. ಈಗ ಮೊಬೈಲಿನಲ್ಲಿ ವಾರಕ್ಕೊಂದು ಕಂತು ಓದುವ ಹುಡುಗಿಯರು, ಅವನು ಕ್ಷಮೆ ಕೇಳದೆ ಇವಳು ಒಪ್ಪಕೂಡದು ಎಂದು ನನಗೇ ತಾಕೀತು ಮಾಡುತ್ತಾರೆ. ಪ್ರೇಮಕಥೆ ಇಷ್ಟು ದೂರ ನಡೆದು ಬಂದಿದೆ, ತಾವು ಮಾತ್ರ ವಿಷದ ಬಾಟಲಿಯ ಪಕ್ಕದಲ್ಲೇ ನಿಂತಿದ್ದೀರಿ.

ಈಗ ‘ಕೈಯಿಂದ ಮುಟ್ಟಿಲ್ಲ’ ಎಂಬ ಮಾತು. ಚಿಕ್ಕಮ್ಮನ ಲೈಬ್ರರಿಯ ಪುಸ್ತಕಗಳ ಮುಖಪುಟವೆಲ್ಲ ಹೆಚ್ಚುಕಡಿಮೆ ಒಂದೇ ಥರ. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಓದುಗರು ಮೂವತ್ಮೂರನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ತಮ್ಮದೊಂದು ಗುರುತು ಹಾಕುತ್ತಿದ್ದರು. ಒಬ್ಬರದು ಹೂವು, ಇನ್ನೊಬ್ಬರದು ಮೀನು. ಕೊಡೆ ಬರೆಯುತ್ತಿದ್ದವನು ಒಬ್ಬ ಕಾಲೇಜು ಹುಡುಗ. ಮೇಜಿನ ಹಿಂದೆ ಕೂತು ಪುಸ್ತಕ ಕೊಡುತ್ತಿದ್ದವಳು, ಆಗಲೇ ಕಾದಂಬರಿ ಬರೆಯಲೂ ಶುರುಮಾಡಿದ್ದ ನಾನು. “ನಂಗಲ್ಲ, ನಮ್ಮಕ್ಕಂಗೆ” ಎನ್ನುತ್ತಿದ್ದ. ಅವನು ಮೆಟ್ಟಿಲಿಳಿದ ಮೇಲೆ ಚಿಕ್ಕಮ್ಮ ನಗುತ್ತಿದ್ದಳು: “ಅಕ್ಕನ ಮದಿ ಆಯಿ ಬೊಂಬಾಯಿಗ್ ಹೋಯಿ ಎರ್ಡ್ ವರ್ಷ ಆಯ್ತ್. ಈ ಮಾಣಿ ಪುಸ್ತ್ಕ ಯಾರಿಗ್ ಕೊಂಡ್ಹೋಪ್ದ್?”

ಆ ಮಾಣಿ ತಾವೇ, ಅಧ್ಯಕ್ಷರೇ. ಗುಜರಿಯಿಂದ ಎಲ್ಲ ಪುಸ್ತಕಗಳನ್ನೂ ಮನೆಗೆ ತಂದಿದ್ದೇನೆ. ನೂರ ಹದಿನಾಲ್ಕರಲ್ಲಿ ಕೊಡೆ ಬಿಚ್ಚಿಕೊಂಡಿದೆ. ಹೊರಹಾಕುವ ಮುನ್ನ ಒಂದು ಪುಟ ತಿರುವಿದ್ದರೆ ಸಾಕಿತ್ತು. ಮುಟ್ಟದವರಂತೆ ನಟಿಸಲು ಹೋಗಿ ಸಾಕ್ಷಿಯನ್ನು ತಾವೇ ರಿಕ್ಷಾ ಹತ್ತಿಸಿ ಕಳಿಸಿದಿರಿ. ಮಾಡಿದ್ದುಣ್ಣೋ ಮಹರಾಯ!

ನನ್ನ ಬೇಡಿಕೆ ಇಷ್ಟೇ. ತಿಂಗಳೊಳಗೆ ಕಪಾಟು ತುಂಬಬೇಕು. ತುಂಬಿದ ದಿನ ತಾವು ಖುದ್ದಾಗಿ ಗೇರುಬೀಜದ ಕಾರ್ಖಾನೆಗೆ ಹೋಗಿ, ಸುಗುಣ ಅವರ ಪಕ್ಕ ಕೂತು, ಅರ್ಧಕ್ಕೆ ನಿಂತ ಅಧ್ಯಾಯವನ್ನು ಗಟ್ಟಿಯಾಗಿ ಓದಬೇಕು. ತಮ್ಮ ಬುಟ್ಟಿಗೂ ಒಂದೊಂದು ಮುಷ್ಟಿ ಬೀಳುತ್ತದೆ, ಹೆದರಬೇಡಿ. ಇಲ್ಲವಾದರೆ ನನ್ನ ಮುಂದಿನ ಧಾರಾವಾಹಿಯ ನಾಯಕ ಅಕ್ಕನ ಹೆಸರಿನಲ್ಲಿ ಪ್ರೇಮಕಥೆ ಓದಿ ಕೊಡೆ ಬರೆಯುವವನು. ಮೂರು ಕಂತು ಬರೆದಾಗಿದೆ.

ಇನ್ನೊಂದು ಮಾತು. ನಾನು ಕೊಂದ ಮೂರನೇ ನಾಯಕಿಯ ಕೊನೆಯ ಪುಟದಲ್ಲಿ ಅದೇ ಪೆನ್ಸಿಲಿನ ಅಕ್ಷರವಿದೆ: ‘ಇವಳು ಸಾಯಬಾರದಿತ್ತು. ಎರಡು ದಿನ ಅನ್ನ ಸೇರಲಿಲ್ಲ.’ ತಾವು ಪುಸ್ತಕ ವಾಪಸು ತಂದ ದಿನವೇ ಅದನ್ನು ಓದಿದ್ದೆ. ಆಮೇಲೆ ನಾನು ಯಾವ ನಾಯಕಿಯನ್ನೂ ಕೊಲ್ಲಲಿಲ್ಲ. ತಾವು ಗುಜರಿಗೆ ಹಾಕಿದ್ದು ತಾವೇ ಬದುಕಿಸಿದ ಹೆಣ್ಣುಮಕ್ಕಳನ್ನು.

ಇಂತಿ,
ಮೂವರನ್ನು ಕೊಂದು, ಒಬ್ಬ ಮಾಣಿಯ ಮಾತಿಗೆ ಹದಿನಾರು ಮಂದಿಯನ್ನು ಉಳಿಸಿಕೊಂಡ
ವಿನಯಾ, ಕುಂಭಾಶಿ