ಎರಡು ಕೈ ಹಸಿರು ಬಣ್ಣ

ಮೂರನೇ ವೈಶಾಖದ ಮೂವತ್ತೇಳನೆಯ ದಿನ, ಸನ್ ೨೨೩೧
ಪರದೆ ಓಣಿ, ಗದಗ ಸೀಮೆ

ನಾಟಕ ಕಂಪನಿಗಳಿಗೆ ಪರದೆ ಬರೆಯುವ ಕುಂಚಧಾರಿಗಳೇ, ಹಳೆಯ ಕಾಲದ ಮಹನೀಯರೇ, ಕೇಳಿ! ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯದ ಕಾರಣ ನಾವು ತಿಂಗಳುಗಳನ್ನೇ ಹಿಗ್ಗಿಸಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ತಲೆತಲಾಂತರದಿಂದ ರಂಗದ ಮೇಲೆ ಗರ್ಜಿಸಿದ ಮನೆತನ ನಮ್ಮದು. ಇವತ್ತು ಗರ್ಜಿಸಲು ಎದೆಯಲ್ಲಿ ಗಾಳಿಯಿಲ್ಲ. ನಮ್ಮ ಓಣಿಯ ಬಸಲಿಂಗವ್ವ ನೂರಾ ಒಂಬತ್ತು ವರ್ಷ ಬಾಳಿ, ಹೋಗಿಬಿಟ್ಟಳು.

ಬೆಳಗಿನ ರೊಟ್ಟಿಯಿಂದ ದೀಪ ಹಚ್ಚುವವರೆಗಿನ ಹೊತ್ತನ್ನು ನಾವು ಉರಿಜಾವ ಎನ್ನುತ್ತೇವೆ. ಆಗ ಮನೆಯೊಳಗೆ ಕುಳಿತರೆ ಗೋಡೆಗಳೇ ಬೇಯಿಸುತ್ತವೆ. ಬಯಲಿಗೆ ಬಂದರೆ ಬಿಸಿಲು ಬಿಡುವುದಿಲ್ಲ. ಬಸಲಿಂಗವ್ವ ಹರೆಯದವಳಿದ್ದಾಗ ನಮ್ಮ ಕಂಪನಿಯ ಗೋದಾಮಿನ ಬಾಗಿಲಿಗೆ ಬಂದು ನಿಂತಳಂತೆ. "ಮಾಸ್ತರ, ವರ್ಷಕ್ಕೊಮ್ಮೆ ಬಿಚ್ಚೂ ಅರಮನಿ ಪರದಿ ಯಾರಿಗಿ ಬೇಕ್ರೀ? ನಮ್ಮ ಓಣಿಗಿ ಕೊಡ್ರಿ." ನಮ್ಮಪ್ಪ ರಾಜಪಾರ್ಟಿನವನು, ಗುಡುಗಿದ: "ತಾಯೀ, ಇದು ನಟರ ಅನ್ನ!" ಅವಳು ನಕ್ಕಳಂತೆ: "ಅನ್ನ ಉಣ್ಣಾಕ ನೆರಳು ಬೇಕಲ್ರೀ?"

ಅರಮನೆ, ಬೀದಿ, ದರ್ಬಾರು, ಸ್ಮಶಾನ, ಎಲ್ಲ ಪರದೆಗಳೂ ಹೋದವು. ಓಣಿಯ ಹೆಂಗಸರು ದಬ್ಬಣ ಹಿಡಿದು ಅವುಗಳನ್ನು ಒಂದಕ್ಕೊಂದು ಹೊಲಿದು, ಮಾಳಿಗೆಯಿಂದ ಮಾಳಿಗೆಗೆ ಕಟ್ಟಿದರು. ಅದರಡಿಯಲ್ಲೇ ಹೆರಿಗೆ, ಅದರಡಿಯಲ್ಲೇ ಬೀಗತನ. ಹೊತ್ತು ವಾಲಿದಂತೆ ನೆರಳೂ ವಾಲುವುದರಿಂದ ಅವಳು ಆಗಾಗ ಕೂಗುವಳು: "ಸರೀರ್ಯಪ್ಪಾ!" ತಂಪಿನಲ್ಲಿ ಕುಳಿತವನು ಅಂಚಿಗೆ ಹೋಗಬೇಕು, ಅಂಚಿನವನು ತಂಪಿಗೆ. ಊರ ಹಿರಿಯನಿಗೂ ವಿನಾಯಿತಿ ಇಲ್ಲ. ಹರಿದ ಜಾಗ ಹುಡುಕುತ್ತ ಮೇಲೆ ನೋಡಿ ನೋಡಿ ಅವಳ ಕುತ್ತಿಗೆ ಹಾಗೇ ಬಿಗಿದುಕೊಂಡಿತ್ತು.

ಕಾಡಿನ ಪರದೆಯೊಂದನ್ನು ಮಾತ್ರ ಅವಳು ಮುಟ್ಟಲಿಲ್ಲ. "ಅದು ನಿಮ್ಹತ್ರ ಇರ್ಲಿ. ನಾಟಕಾನೂ ಇಲ್ಲಂದ್ರ ಬರೇ ನೆರಳಾಗ ಕುಂತು ಏನು ನೊಣ ಹೊಡೀಬೇಕನು?" ಆ ಒಂದು ಕಾಡನ್ನೇ ಕಟ್ಟಿಕೊಂಡು ನಾನು ಪ್ರತಿ ವರ್ಷ ನಾಟಕ ಆಡಿಸಿದೆ. ರಾಜರೆಲ್ಲ ವನವಾಸದಲ್ಲೇ ಇರಬೇಕಾಯಿತು, ಅದು ಬೇರೆ ಮಾತು.

ನಮ್ಮಲ್ಲಿ ಹೊತ್ತು ಮೂಡುವ ಮೊದಲೇ ಮಣ್ಣು ಮಾಡುತ್ತೇವೆ. ಅಂಥ ಹೆಣ್ಣುಮಗಳನ್ನು ಬರಿ ಸೀರೆಯಲ್ಲಿ ಕಳಿಸುವುದೇ? ಅಳುವಿನ ಭರದಲ್ಲಿ ಅರಮನೆ ಪರದೆಯನ್ನೇ ಬಿಚ್ಚಿ, ರಾಣಿಯಂತೆ ಸುತ್ತಿ, ಕುಣಿಯಲ್ಲಿ ಕುಳ್ಳಿರಿಸಿ ಮಣ್ಣು ಮುಚ್ಚಿದೆವು. ಆಹಾ, ಏನು ದೃಶ್ಯ! ಉರಿಜಾವ ಬಂತು. ಅರಮನೆ ಇದ್ದಲ್ಲಿಂದ ಬಿಸಿಲು ಸುರಿಯಿತು, ಅವಳು ಕೂರುತ್ತಿದ್ದ ಕಟ್ಟೆಯ ಮೇಲೆಯೇ. ಬಾಣಂತಿಯರು, ಮುದುಕರು ಗೋಡೆಗೆ ಅಂಟಿ ನಿಂತರು. ಅವಳ ಗೆಳತಿ ಫಕೀರವ್ವ ಬಾಯಿ ಮಾಡಿದಳು: "ಸತ್ತಾಕಿಗಿ ಅರಮನಿ ಕೊಟ್ಟು, ಬದುಕಿದಾರಿಗಿ ಬಿಸಿಲು ಕೊಟ್ಟೀರಿ, ಶಾಣ್ಯಾರಾ! ಆಕಿ ಇದ್ದಿದ್ರ ಉಗೀತಿದ್ಲು." ಅಗೆದು ತೆಗೆಯೋಣವೆಂದ ಒಬ್ಬ. ಯಾರೂ ಅವನ ಮುಖ ನೋಡಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಕಾಡಿನ ಪರದೆ ಇನ್ನೂ ನನ್ನ ಗೋದಾಮಿನಲ್ಲಿತ್ತಲ್ಲ.

ಪರದೆಯಿಲ್ಲದೆ ಕಂಪನಿಯಿಲ್ಲ, ನಿಮಗದು ಗೊತ್ತು. ಅಂದು ಸಂಜೆ ಕಾಡನ್ನು ಹೆಗಲ ಮೇಲೆ ಹೊತ್ತು ತಂದೆ. ಫಕೀರವ್ವ ದಬ್ಬಣಕ್ಕೆ ದಾರ ಪೋಣಿಸುತ್ತ ಅಂದಳು: "ಅಳಬ್ಯಾಡ್ರಿ ಮಾಸ್ತರ, ಬಣ್ಣ ತೊಳದು ಹೋಕ್ಕೈತಿ." ಮರುದಿನ ಕಟ್ಟೆಯ ಮೇಲೆ ನೆರಳು ಬಿತ್ತು. ಬಹಳ ಹೊತ್ತು ಯಾರೂ ಜಾಗ ಬಿಟ್ಟು ಕದಲಲಿಲ್ಲ, ಕೂಗುವವಳು ಇರಲಿಲ್ಲವಲ್ಲ. ಕೊನೆಗೆ ನಾನೇ ಎದ್ದು ನಿಂತು, ಉಳಿದಿದ್ದ ದನಿಯೆಲ್ಲ ಕೂಡಿಸಿ ಕೂಗಿದೆ: "ಸರೀರ್ಯಪ್ಪಾ!" ಸರಿದರು. ಇನ್ನು ನನಗೆ ಉಳಿದ ಪಾರ್ಟು ಅದೊಂದೇ.

ನಾನು ದಣಿದಿದ್ದೇನೆ, ಮಹನೀಯರೇ. ಕೇಳುವುದು ಒಂದೇ. ಆ ಕಾಡಿನ ಎಡಮೂಲೆಯಲ್ಲಿ, ಆಲದ ಕೊಂಬೆಗಳ ನಡುವೆ, ನಿಮ್ಮಲ್ಲೊಬ್ಬರು ತೆಳ್ಳಗೆ ನೀಲಿ ಬಳಿದು ಆಕಾಶ ಬಿಟ್ಟಿದ್ದೀರಿ. ಚೆಂದವಿದೆ, ಅಲ್ಲವೆನ್ನುವುದಿಲ್ಲ. ಆದರೆ ಅಲ್ಲಿಂದ ಬಿಸಿಲು ಸೀದಾ ಫಕೀರವ್ವನ ನೆತ್ತಿಗೆ ಬೀಳುತ್ತದೆ. ಆಕಾಶ ನಮ್ಮಲ್ಲಿ ಬೇಕಾದಷ್ಟಿದೆ. ನೀವಿನ್ನೂ ಕುಂಚ ತೊಳೆದಿರದಿದ್ದರೆ, ದಯಮಾಡಿ ಅಲ್ಲಿ ಎಲೆ ಬರೆಯಿರಿ. ಎರಡು ಕೈ ಹೊಡೆಯಿರಿ.

ನಿಮ್ಮ ನೆರಳಲ್ಲಿರುವ,
ಅಂದಾನಪ್ಪ ಮಾಸ್ತರ