ಕೇಳಾಕಿ ರುದ್ರವ್ವ

ಬ್ಯಾಡಗಿ,
೨೧೯೪ನೆಯ ಇಸವಿ, ಎರಡನೆಯ ಮೇ ತಿಂಗಳ ಕೊನೆಯ ವಾರ

ಹಿಂದಿನ ಕಾಲದವರಿಗೆ ಗೌರವ್ವ ಮಾಡುವ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಬೇಸಿಗೆ ಮುಗಿಯುವುದೇ ಇಲ್ಲವಾದ್ದರಿಂದ ನಮ್ಮಲ್ಲಿ ಮೇ ತಿಂಗಳು ಎರಡು ಸಲ ಬರುತ್ತದೆ. ಮೆಣಸಿನಕಾಯಿ ಪೇಟೆ ನೆಲದಡಿಗೆ ಇಳಿದಿದೆ. ಅದನ್ನು ತಂಪುಪೇಟೆ ಎನ್ನುತ್ತೇವೆ. ಅಲ್ಲಿ ಬಣ್ಣ, ತೇವ ಎಲ್ಲವನ್ನೂ ಯಂತ್ರ ಹೇಳುತ್ತದೆ. ಆದರೂ ಕೊಳ್ಳುವವರು ಚೀಲಕ್ಕೆ ಕೈ ಹಾಕುವ ಮೊದಲು ನನ್ನ ಅಕ್ಕ ರುದ್ರವ್ವನ ಮುಖ ನೋಡುತ್ತಿದ್ದರು. ಅವಳು ಒಂದು ಕಾಯಿ ಮುರಿದು ಮೂಸಿ, ಹಳೆಯ ಮಾಲು ಬೆರೆತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು.

ಚಿಕ್ಕವಳಿದ್ದಾಗ ಬಿದ್ದು ಅವಳ ಮೂಗು ಸೊಟ್ಟಗಾಗಿತ್ತು. ನಲವತ್ತು ದಾಟಿದ ಮೇಲೆ ಅದನ್ನು ನೆಟ್ಟಗೆ ಮಾಡಿಸಿಕೊಳ್ಳುವ ಆಸೆಯಾಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಹಾವೇರಿಯಲ್ಲಿ ಹೊಸದೊಂದು ಮುಖಮನೆ, ಅಂದರೆ ಮುಖ ತಿದ್ದುವ ಆಸ್ಪತ್ರೆ, ತೆರೆದಿತ್ತು. ಜೊತೆಗೆ ನಾನೂ ಹೋದೆ. ಗೋಡೆಯ ತುಂಬ ಚೆಂದದ ಮುಖಗಳು ನಗುತ್ತಿದ್ದವು. ಡಾಕ್ಟರ್ ಇನ್ನೂ ಹರೆಯದವನು. ಅಕ್ಕನ ಊಟ, ನಿದ್ದೆ ಎಲ್ಲ ನಯವಾಗಿ ವಿಚಾರಿಸಿದ. ಅಕ್ಕ ಅಳುಕುತ್ತಲೇ ಕೇಳಿದಳು: “ನೀವು ಪ್ಲಾಸ್ಟಿಕ್ ಸರ್ಜರೀನ ಓದೀರೇನ್ರಿ?”

“ಅಕ್ಕಾರ, ಈ ಗೋಡೆ ನೋಡ್ರಿ. ಓದದೆ ಇಷ್ಟು ಮುಖ ಆಗ್ತಾವೇನ್ರಿ?” ಎಂದು ಅವನು ನಕ್ಕ.

ಅಕ್ಕನಿಗೆ ನಾಚಿಕೆಯಾಯಿತು. ಅಧಿಕಪ್ರಸಂಗ ಮಾಡಿದವಳಂತೆ ತಲೆ ತಗ್ಗಿಸಿದಳು.

ಮೂಗು ನೆಟ್ಟಗಾಯಿತು. ಒಳಗೆ ಕೀವು ತುಂಬಿತು, ಅದು ಇಳಿಯುವಷ್ಟರಲ್ಲಿ ವಾಸನೆ ಹಿಡಿಯುವ ಶಕ್ತಿಯೇ ಹೋಗಿತ್ತು. ತಂಪುಪೇಟೆಗೆ ಹೋದವಳು ಒಂದು ಕಾಯಿ ಮುರಿದು ಮೂಸಿದಳು, ಇನ್ನೊಂದು ಮುರಿದಳು, ಮತ್ತೊಂದು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಬಂದಳು. ತಿರುಗಿ ಆ ಕಡೆ ಹೋಗಲಿಲ್ಲ.

ಆ ಡಾಕ್ಟರ್ ಓದಿದ್ದು ಬರೀ ಚರ್ಮರೋಗದ ಚಿಕಿತ್ಸೆ ಎಂದು ಆಮೇಲೆ ತಿಳಿಯಿತು. ಮೂಗು ಕೊಯ್ಯುವುದನ್ನು ಯಾವುದೋ ಶಿಬಿರದಲ್ಲಿ ನೋಡಿ ಬಂದಿದ್ದನಂತೆ. ವೈದ್ಯ ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿ ಹೆಸರು ಹುಡುಕಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ದೂರು ಕೊಟ್ಟೆವು, ಮುಖಮನೆಗೆ ಬೀಗ ಬಿತ್ತು. ಅಕ್ಕನಿಗೆ ಅದರಿಂದ ಬಂದದ್ದೇನೂ ಇಲ್ಲ.

ಬಹಳ ದಿನ ಅವಳು ಮನೆ ಬಿಟ್ಟು ಹೊರಡಲಿಲ್ಲ. ಪಕ್ಕದ ಮನೆಯ ಸೊಸೆ ಸುಟ್ಟ ಕೈಗೆ ಆಪರೇಷನ್ ಮಾಡಿಸಲು ಹೊರಟಾಗ ತಾನೂ ಎದ್ದು ಹೊರಟಳು. ಧಾರವಾಡದ ವಯಸ್ಸಾದ ಡಾಕ್ಟರಮ್ಮನೆದುರು ಕೂತು, ಎಲ್ಲಿ ಓದಿದಿರಿ, ಇಂಥ ಕೈ ಮೊದಲು ಸರಿಮಾಡಿದ್ದೀರಾ, ಅರಿವಳಿಕೆ ಕೊಡುವವರು ಯಾರು, ಕೆಟ್ಟರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿದಳು. ಆಕೆ ಬೇಸರಪಡದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಕೊನೆಗೆ ಅಂದರು: “ಕೇಳಿದ್ದು ಚಲೋ ಆತವ್ವಾ. ಕೇಳಿದ್ರ ಸಿಟ್ಟಾಗೋರ ಕೈಯಾಗ ಚಾಕು ಇರಬಾರದು.”

ಅಂದಿನಿಂದ ಊರು ಅವಳನ್ನು ಕೇಳಾಕಿ, ಅಂದರೆ ಕೇಳುವವಳು, ಎಂದು ಕರೆಯುತ್ತದೆ. ಈಗ ಅವಳ ಮೊಣಕಾಲು ಸೋತಿವೆ, ನನ್ನವೂ ಸೋತಿವೆ. ಆದರೂ ಆಪರೇಷನ್ನಿಗೆ ಹೊರಟವರು ಕರೆದಲ್ಲಿಗೆ ಹೋಗುತ್ತೇವೆ. ಎಷ್ಟೋ ರೋಗಕ್ಕೆ ನಮ್ಮ ಕಾಲದಲ್ಲಿ ಮದ್ದು ಬಂದಿದೆ, ಬಿಳಿ ಕೋಟಿನ ಮುಂದೆ ಬಾಯಿ ಕಟ್ಟುವ ನಾಚಿಕೆಗೆ ಬಂದಿಲ್ಲ. ನಿಮ್ಮ ಕಾಲದಲ್ಲೇ ಅದನ್ನು ಬಿಡಲು ಸಾಧ್ಯವಾದರೆ ಬಿಡಿ. ಹೆಸರು ಹುಡುಕಿ, ಓದು ಕೇಳಿ. ಉತ್ತರದ ಬದಲು ನಗು ಸಿಕ್ಕರೆ ಎದ್ದು ಬನ್ನಿ.

ನಾಳೆ ರಾಣೆಬೆನ್ನೂರಿನ ಮದುಮಗಳೊಬ್ಬಳ ಜೊತೆ ಆಸ್ಪತ್ರೆಗೆ ಹೋಗಬೇಕು. ಡಾಕ್ಟರ್ ಬಹಳ ಒಳ್ಳೆಯವರು, ಹೆಚ್ಚಿಗೆ ಕೇಳಿ ಅವರ ಮನಸ್ಸು ನೋಯಿಸಬೇಡಿ ಎಂದು ಈಗಾಗಲೇ ಹೇಳಿ ಕಳಿಸಿದ್ದಾಳೆ.

ನಾವು ಕೇಳುತ್ತೇವೆ.

ಗೌರವ್ವ