ಹತ್ತಕ್ಕೆ ಎಂಟು ಮಂದಿ

ಫೆಬ್ರವರಿ ೨೨, ಶನಿವಾರ ರಾತ್ರಿ

ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ ನಮ್ಮ ದಕ್ಷಿಣ ಕ್ಯಾರೊಲಿನಾ ವಿಟ್‌ಕಾಂಬ್‌ನ ಪಾಲಾಯಿತು. "ಅರವತ್ತು ದಾಟಿದ ಕಪ್ಪು ಹೆಂಗಸರಲ್ಲಿ ಹತ್ತಕ್ಕೆ ಎಂಟು ಮಂದಿ ಇವರಿಗೇ!" ಎಂದು ಟಿ.ವಿ.ಯವನು ಹಲ್ಲು ಕಿರಿದ, ಸಂತೆಯಲ್ಲಿ ದನ ಎಣಿಸಿದ ಹಾಗೆ.

ಆಮೇಲೆ ವೇದಿಕೆ ಹತ್ತಿದ ವಿಟ್‌ಕಾಂಬ್ ಮಹಾಶಯ, "ನಾನು ಈ ತಾಯಂದಿರ ಕೈಯ ಮೀನು ಉಂಡವನು!" ಎಂದ. ಥೂ! ಕಳೆದ ಭಾನುವಾರ ಚರ್ಚಿನಲ್ಲಿ ಆ ಮೀನು ಕರಿದವಳು ನಾನು. ಓಟು ಕೇಳಲು ಬಂದವರು ನಮ್ಮಲ್ಲಿ ಉಣ್ಣದೆ ಹೋಗುವಂತಿಲ್ಲ. ಇವನು ತಟ್ಟೆ ಹಿಡಿದು ಫೋಟೊ ತೆಗೆಸಿಕೊಂಡ, ಹೊರಗೆ ಹೋಗಿ ಕಸದ ಡಬ್ಬಿಗೆ ಸುರಿದ. ನಾನೂ ಗೆಳತಿ ಲವಿನಿಯಾಳೂ ಅಡುಗೆಮನೆಯ ಕಿಟಕಿಯಿಂದ ನೋಡಿದೆವು.

"ಪಾಪ, ಹೊಟ್ಟೆ ಸರಿ ಇಲ್ವೇನೋ ಕಣೇ," ಎಂದಿದ್ದಳು ಅವಳು. ಈಗ ಫೋನಿನಲ್ಲಿ ಕುಣಿದಾಡುತ್ತಾಳೆ: "ನಾವೇ ಗೆಲ್ಸಿದ್ದು ಕಣೇ ಒಡೆಸ್ಸಾ! ನವೆಂಬರ್ ಎಲೆಕ್ಷನ್‌ಗೆ ಮುಂಚೆ ಮತ್ತೆ ಬರ್ತಾನಂತೆ. ಮೀನು ನೀನೇ ಕರೀಬೇಕು."

"ಕಸದ ಡಬ್ಬೀನೂ ತೊಳೆದಿಡ್ಲಾ?" ಎಂದೆ. ಕಿಸಕ್ಕನೆ ನಕ್ಕಳು.

ಹೇಸಿಗೆ ಅವನ ಮೇಲಷ್ಟೇ ಆಗಿದ್ದರೆ ಇಷ್ಟು ಹೊತ್ತಿಗೆ ನಿದ್ದೆ ಬರುತ್ತಿತ್ತು. ಉಳಿದ ಅಭ್ಯರ್ಥಿಗಳು ನಮ್ಮ ಬಾಗಿಲಿಗೂ ಬರಲಿಲ್ಲ, ಇವನು ಬಂದನಲ್ಲ ಎಂದುಕೊಂಡು, ಕಣ್ಣಾರೆ ನೋಡಿದ್ದನ್ನೂ ನುಂಗಿಕೊಂಡು, ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಓಟಿನ ಸಾಲಿನಲ್ಲಿ ನಿಂತೆ.

ಆ ಎಂಟರಲ್ಲಿ ನಾನೂ ಒಬ್ಬಳು.